ತ್ಸುಕುಬಾದ ಚಳಿಯೂ ಕುಂಡದ ಕರಿಬೇವೂ

ಹೊರದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಮೂರು ವಸ್ತುಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಒಂದು ಪ್ರೆಷರ್ ಕುಕ್ಕರ್, ಇನ್ನೊಂದು ಊರಿನಿಂದ ತಂದ ಸಾರಿನ ಪುಡಿಯ ಡಬ್ಬ, ಮೂರನೆಯದು ಕಿಟಕಿಯ ಪಕ್ಕ ಕುಂಡದಲ್ಲಿ ನಿಂತಿರುವ ಕರಿಬೇವಿನ ಗಿಡ. ಮೊದಲೆರಡು ಯಾವ ಹವೆಗೂ ಒಗ್ಗಿಕೊಳ್ಳುತ್ತವೆ. ಮೂರನೆಯದರ ಕಥೆಯೇ ಬೇರೆ. ಡಿಸೆಂಬರ್ ಬಂತೆಂದರೆ ಎಲೆ ಹಳದಿಯಾಗುತ್ತದೆ, ಜೋತು ಬೀಳುತ್ತದೆ, ಒಂದೊಂದಾಗಿ ಉದುರುತ್ತದೆ. ಆಗ ನನ್ನ ಮನೆಯ ಫೋನು ರಿಂಗಣಿಸಲು ಶುರುವಾಗುತ್ತದೆ. ನಾನು ಬೆಳೆಗಳ ಶರೀರಶಾಸ್ತ್ರ ಓದಿದವನು ಎಂಬ ಒಂದೇ ಕಾರಣಕ್ಕೆ ನಮ್ಮ ಸ್ನೇಹಿತರ ಬಳಗದಲ್ಲಿ ನನಗೆ ‘ಗಿಡದ ಡಾಕ್ಟರು’ ಎಂಬ ಬಿರುದು ಸಿಕ್ಕಿದೆ. ಕೇಳುವ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: “ದಿನಾ ನೀರು ಹಾಕ್ತಾ ಇದೀವಿ, ಮಣ್ಣು ಒದ್ದೆಯಾಗೇ ಇದೆ, ಆದರೂ ಬಾಡ್ತಾ ಇದೆಯಲ್ಲ, ಯಾಕೆ?”

ಈ ಪ್ರಶ್ನೆ ನೋಡಲು ಚಿಕ್ಕದು. ಆದರೆ ಇದರ ಉತ್ತರವನ್ನು ಹುಡುಕುತ್ತಲೇ ನಮ್ಮ ಈ ಊರಿನ ಕೆಲವು ವಿಜ್ಞಾನಿಗಳು ತಮ್ಮ ವೃತ್ತಿಜೀವನದ ಬಹುಭಾಗವನ್ನು ಕಳೆದಿದ್ದಾರೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಈ ಬಾರಿ ಯುಗಾದಿಯ ಸ್ಮರಣ ಸಂಚಿಕೆಯ ನೆಪದಲ್ಲಿ ಸಾವಕಾಶವಾಗಿ ಹೇಳೋಣವೆಂದು ಕುಳಿತಿದ್ದೇನೆ.

ಒದ್ದೆ ಮಣ್ಣಿನಲ್ಲಿ ಬಾಯಾರಿಕೆ

ತ್ಸುಕುಬಾ ಟೋಕಿಯೋದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಇಬಾರಾಕಿ ಪ್ರಾಂತ್ಯದಲ್ಲಿದೆ. 1963ರಲ್ಲಿ ಜಪಾನ್ ಸರ್ಕಾರ ಇಲ್ಲೊಂದು ವಿಜ್ಞಾನನಗರ ಕಟ್ಟಲು ತೀರ್ಮಾನಿಸಿತು. 2005ರಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ರೈಲು ಬಂದ ಮೇಲೆ ಅಕಿಹಬಾರಾದಿಂದ ಮುಕ್ಕಾಲು ಗಂಟೆಯ ದಾರಿ. ಊರಿನ ಉತ್ತರಕ್ಕೆ 877 ಮೀಟರ್ ಎತ್ತರದ ಜೋಡಿ ಶಿಖರದ ತ್ಸುಕುಬಾ ಬೆಟ್ಟ. ಚಳಿಗಾಲದಲ್ಲಿ ಆ ಬೆಟ್ಟದ ಕಡೆಯಿಂದ ಇಳಿದು ಬರುವ ಒಣ ಗಾಳಿಗೆ ಇಲ್ಲಿಯವರು ‘ತ್ಸುಕುಬಾ ಒರೋಶಿ’ ಎನ್ನುತ್ತಾರೆ. ಹಿಮ ಬೀಳುವುದು ಅಪರೂಪ. ಹಗಲೆಲ್ಲ ನಿಚ್ಚಳ ಬಿಸಿಲು, ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವ ಚಳಿ. ಬಟ್ಟೆ ಒಣಹಾಕುವವರಿಗೆ ಇದು ಹೇಳಿ ಮಾಡಿಸಿದ ಹವೆ, ಗಿಡಕ್ಕೆ ಮಾತ್ರ ಕಷ್ಟಕಾಲ.

ಏಕೆಂದರೆ ಎಲೆಗೂ ಬೇರಿಗೂ ಆಗ ಲೆಕ್ಕ ತಾಳೆಯಾಗುವುದಿಲ್ಲ. ಬಿಸಿಲು ಮತ್ತು ಒಣ ಗಾಳಿ ಎಲೆಯಿಂದ ನೀರನ್ನು ಹೀರುತ್ತವೆ. ಬೇರು ಅಷ್ಟನ್ನೇ ಮಣ್ಣಿನಿಂದ ಎತ್ತಿ ಕೊಡಬೇಕು. ಆದರೆ ಮಣ್ಣು ತಣ್ಣಗಾದಾಗ ಬೇರಿಗೆ ಆ ಕೆಲಸ ಆಗುವುದಿಲ್ಲ. ಮೊದಲನೆಯದಾಗಿ ನೀರೇ ಮಂದವಾಗುತ್ತದೆ. 5 ಡಿಗ್ರಿ ಸೆಲ್ಸಿಯಸ್‌ನ ನೀರು 25 ಡಿಗ್ರಿಯ ನೀರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಜಿಗುಟು. ಎರಡನೆಯದಾಗಿ, ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರು ಹಾಯಲೆಂದೇ ಇರುವ ಅತಿ ಸಣ್ಣ ಬಾಗಿಲುಗಳಿವೆ. ಅವಕ್ಕೆ ಅಕ್ವಾಪೊರಿನ್ ಎಂದು ಹೆಸರು. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಉಷ್ಣವಲಯದ ಗಿಡಗಳಲ್ಲಿ ಚಳಿ ಹೊಡೆದಾಗ ಪೊರೆ ಬಿಗಿಯುತ್ತದೆ, ಈ ಬಾಗಿಲುಗಳ ಕೆಲಸವೂ ಕುಂಠಿತವಾಗುತ್ತದೆ. ಸುತ್ತ ನೀರಿದ್ದರೂ ಗಿಡದ ಪಾಲಿಗೆ ಇಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ನಮ್ಮ ಗಾದೆ ಈ ಗಿಡವನ್ನು ನೋಡಿಯೇ ಹುಟ್ಟಿತೇನೋ!

ಅಪಾರ್ಟ್‌ಮೆಂಟಿನ ಒಳಗೆ ಇಟ್ಟರೂ ಇದು ತಪ್ಪುವುದಿಲ್ಲ. ಕುಂಡ ಇರುವುದು ತಣ್ಣನೆಯ ನೆಲದ ಮೇಲೆ, ಎಲೆ ಇರುವುದು ಏರ್‌ಕಂಡಿಷನರ್‌ನ ಬಿಸಿ ಒಣ ಗಾಳಿಯಲ್ಲಿ. ತಲೆಗೆ ಬೇಸಿಗೆ, ಕಾಲಿಗೆ ಚಳಿಗಾಲ. ಇದನ್ನು ನೋಡಿ ನಾವು ಇನ್ನೊಂದು ಚೊಂಬು ತಣ್ಣೀರು ಸುರಿಯುತ್ತೇವೆ. ಬೇರು ಇನ್ನಷ್ಟು ತಣ್ಣಗಾಗಿ, ಉಸಿರಾಡಲು ಗಾಳಿಯೂ ಇಲ್ಲದೆ ಕೊಳೆಯಲು ಶುರುವಾಗುತ್ತದೆ.

ಗಿಡದ ಮನೆಯ ಯಜಮಾನಿ

ಇಂಥ ಹೊತ್ತಿನಲ್ಲಿ ಗಿಡ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಓಡಿಹೋಗಲು ಕಾಲಿಲ್ಲ, ಸ್ವೆಟರ್ ಹಾಕಿಕೊಳ್ಳಲು ಕೈಯಿಲ್ಲ. ಆದರೆ ಸುದ್ದಿ ಮುಟ್ಟಿಸಲು ಹಾರ್ಮೋನುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಅಬ್ಸಿಸಿಕ್ ಆಮ್ಲ. ವಿಜ್ಞಾನಿಗಳು ಚಿಕ್ಕದಾಗಿ ಎಬಿಎ ಎನ್ನುತ್ತಾರೆ. 1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡ್ರಿಕ್ ಆಡಿಕಾಟ್ ಅವರ ತಂಡ ಎಳೆಯ ಹತ್ತಿಕಾಯಿಗಳಿಂದ ಇದನ್ನು ಬೇರ್ಪಡಿಸಿತು. ಆ ತಂಡದಲ್ಲಿ ಮುಂದೆ ನಿಂತು ದುಡಿದವರು ಒಕುಮಾ ಎಂಬ ಜಪಾನಿ ವಿಜ್ಞಾನಿ. ಅದೇ ಕಾಲಕ್ಕೆ ಬ್ರಿಟನ್ನಿನ ಫಿಲಿಪ್ ವೇರಿಂಗ್ ಅವರ ತಂಡ ಮರಗಳ ಮೊಗ್ಗನ್ನು ಚಳಿಗಾಲದಲ್ಲಿ ಮಲಗಿಸುವ ವಸ್ತುವನ್ನು ಹುಡುಕುತ್ತಿತ್ತು. ಕೊನೆಗೆ ನೋಡಿದರೆ ಎರಡೂ ಒಂದೇ! ಎಲೆ, ಕಾಯಿ ಉದುರಿಸುವ ವಸ್ತು ಎಂದು ತಿಳಿದು ಆ ಅರ್ಥದ ಹೆಸರನ್ನೇ ಇಟ್ಟರು. ಆದರೆ ಉದುರಿಸುವ ಕೆಲಸದಲ್ಲಿ ನಿಜವಾದ ಮುಂದಾಳು ಎಥಿಲೀನ್ ಎಂಬ ಇನ್ನೊಂದು ಹಾರ್ಮೋನು ಎಂದು ಆಮೇಲೆ ತಿಳಿಯಿತು. ಎಬಿಎಯ ದೊಡ್ಡ ಕೆಲಸ ನೀರಿನ ಉಳಿತಾಯ. ಹೆಸರು ಮಾತ್ರ ಹಾಗೇ ಉಳಿಯಿತು.

ಅದು ಕೆಲಸ ಮಾಡುವ ಬಗೆ ಸೊಗಸಾಗಿದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಿಂಡಿಗಳಿವೆ. ಅವೇ ಪತ್ರರಂಧ್ರಗಳು. ಪ್ರತಿ ಕಿಂಡಿಗೂ ಎರಡು ಕಾವಲು ಕೋಶಗಳು. ಅವು ನೀರು ತುಂಬಿ ಉಬ್ಬಿದರೆ ಕಿಂಡಿ ತೆರೆಯುತ್ತದೆ, ಸಡಿಲವಾದರೆ ಮುಚ್ಚುತ್ತದೆ. ನೀರಿನ ಕೊರತೆಯಾದಾಗ ಎಬಿಎ ಈ ಕಾವಲು ಕೋಶಗಳಿಗೆ ಬರುತ್ತದೆ. ಅಲ್ಲಿ ಅದನ್ನು ಗುರುತು ಹಿಡಿಯುವ ಪ್ರೋಟೀನುಗಳು ಪತ್ತೆಯಾದದ್ದು 2009ರಲ್ಲಿ. ಮಾಮೂಲಿ ದಿನಗಳಲ್ಲಿ ಒಂದು ಪ್ರೋಟೀನು ಇನ್ನೊಂದರ ಕೈ ಕಟ್ಟಿಹಾಕಿ ಕೂತಿರುತ್ತದೆ. ಎಬಿಎ ಬಂದೊಡನೆ ಆ ಕಟ್ಟಿಹಾಕಿದವನ ಕೈಯನ್ನೇ ಹಿಡಿಯಲಾಗುತ್ತದೆ. ಬಿಡುಗಡೆಯಾದ ಪ್ರೋಟೀನು ಕೋಶದ ಲವಣಗಳನ್ನು ಹೊರಗೆ ಬಿಡಿಸುತ್ತದೆ, ಲವಣದ ಹಿಂದೆ ನೀರೂ ಹೋಗುತ್ತದೆ, ಕಿಂಡಿ ಮುಚ್ಚುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮನೆಯ ಯಜಮಾನಿ ಹೇಳಿದಂತೆ, ಬೇರು ಎಷ್ಟು ಕೊಡುತ್ತದೋ ಅಷ್ಟರಲ್ಲೇ ಖರ್ಚು ಮಾಡು ಎಂದು ಎಬಿಎ ಎಲೆಗೆ ಹೇಳುತ್ತದೆ.

ಈ ಸುದ್ದಿ ಬೇರಿನಿಂದ ಎಲೆಗೆ ಹೇಗೆ ತಲುಪುತ್ತದೆ? ಇಲ್ಲಿ ನಮ್ಮ ತ್ಸುಕುಬಾದ ಹೆಸರು ಬರುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಕ್ಯಾರೋಟಿನಾಯ್ಡ್ ಗುಂಪಿನ ವಸ್ತುವನ್ನೇ ಕತ್ತರಿಸಿ ಗಿಡ ಎಬಿಎ ತಯಾರಿಸುತ್ತದೆ. ಬರದ ಕಾಲದಲ್ಲಿ ಆ ಕತ್ತರಿಯ ಕೆಲಸ ಮಾಡುವ ಮುಖ್ಯ ಜೀನನ್ನು 2001ರಲ್ಲಿ ಇಲ್ಲಿಯ ರಿಕೆನ್ ಸಂಸ್ಥೆಯವರು ವರದಿ ಮಾಡಿದರು. 2018ರಲ್ಲಿ ಅದೇ ಸಂಸ್ಥೆಯ ತಂಡ, ಮಣ್ಣು ಒಣಗಿದಾಗ ಬೇರು ಒಂದು ಪುಟ್ಟ ಪೆಪ್ಟೈಡನ್ನು ಎಲೆಗೆ ಕಳಿಸಿ ಆ ಜೀನನ್ನು ಎಚ್ಚರಿಸುತ್ತದೆ ಎಂದು ತೋರಿಸಿತು. ನೆಲದೊಳಗಿನಿಂದ ಮೇಲಕ್ಕೆ ಹೋಗುವ ಟೆಲಿಗ್ರಾಂ ಎನ್ನಿ.

ಚಳಿಗೂ ಬರಕ್ಕೂ ಒಂದೇ ಬೀಗದ ಕೈ

ಇನ್ನೂ ಕುತೂಹಲದ ಸಂಗತಿ ಬೇರೆ ಇದೆ. ಹೆಪ್ಪುಗಟ್ಟುವ ಚಳಿಯಲ್ಲಿ ಗಿಡ ಸಾಯುವುದು ಕೋಶದೊಳಗೆ ಮಂಜುಗಡ್ಡೆ ಚುಚ್ಚಿ ಎಂದು ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಮಂಜುಗಡ್ಡೆ ಮೊದಲು ಕಟ್ಟುವುದು ಕೋಶಗಳ ಹೊರಗೆ, ನಡುವಿನ ಸಂದುಗಳಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಗೆ ಎಳೆದುಕೊಳ್ಳುತ್ತದೆ. ಅಂದರೆ ಕೋಶ ಒಣಗುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಬಾಡುವ ಗಿಡವೂ, ಹೊಕ್ಕೈಡೋದ ಹಿಮದಲ್ಲಿ ನಲುಗುವ ಗಿಡವೂ ಒಂದೇ ಕಷ್ಟವನ್ನು ಪಡುತ್ತಿವೆ!

ಗಿಡಕ್ಕೆ ಇದು ಎಂದೋ ಗೊತ್ತಿತ್ತು. ನಮಗೆ ಗೊತ್ತಾಗುವಂತೆ ಮಾಡಿದವರಲ್ಲಿ ಪ್ರಮುಖರು ತ್ಸುಕುಬಾದ ಕಾಜುಓ ಶಿನೋಜಾಕಿ ಮತ್ತು ಕಾಜುಕೋ ಯಮಾಗುಚಿ-ಶಿನೋಜಾಕಿ ದಂಪತಿ. ಪತಿ ರಿಕೆನ್‌ನಲ್ಲಿ, ಪತ್ನಿ ಇದೇ ಊರಿನ ಜಿರ್ಕಾಸ್ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಸಾಸಿವೆಯ ದೂರದ ನೆಂಟನಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವನ್ನು ಹಿಡಿದು, ಅದರ ಒಂದು ಜೀನಿನ ಮುಂದಿರುವ ಸಣ್ಣ ಗುರುತೊಂದು ಬರ, ಚಳಿ ಮತ್ತು ಉಪ್ಪು ಮೂರಕ್ಕೂ ಓಗೊಡುತ್ತದೆ ಎಂದು 1994ರಲ್ಲಿ ಪ್ರಕಟಿಸಿದರು. ಆ ಗುರುತನ್ನು ಬೀಗ ಎಂದುಕೊಂಡರೆ, ಅದನ್ನು ತೆರೆಯುವ ಕೈಗಳಾದ ಡ್ರೆಬ್ ಪ್ರೋಟೀನುಗಳ ವರದಿ 1998ರಲ್ಲಿ ಬಂತು. ಅಮೆರಿಕದಲ್ಲಿ ಮೈಕೇಲ್ ಥೊಮಾಶೊ ಅವರ ತಂಡ ಚಳಿಯ ದಾರಿಯಿಂದ ಹೊರಟು 1997ರಲ್ಲಿ ಇದೇ ಕುಟುಂಬದ ಪ್ರೋಟೀನನ್ನು ತಲುಪಿತ್ತು. ಎಬಿಎಯನ್ನು ಕೇಳಿ ನಡೆಯುವ ದಾರಿ ಒಂದು, ಅದನ್ನು ಕಾಯದೆ ನೇರವಾಗಿ ಚಳಿಗೆ ಎಚ್ಚರಗೊಳ್ಳುವ ದಾರಿ ಇನ್ನೊಂದು. ಎರಡೂ ಸೇರಿ ಗಿಡ ಸಕ್ಕರೆ ಕೂಡಿಡುತ್ತದೆ, ಪೊರೆಗಳನ್ನು ಕಾಯುವ ಪ್ರೋಟೀನುಗಳನ್ನು ತಯಾರಿಸುತ್ತದೆ.

ಇದರ ರುಚಿಯನ್ನು ಜಪಾನಿನಲ್ಲಿರುವ ನಾವೆಲ್ಲ ನೋಡಿದ್ದೇವೆ. ಚಳಿಗಾಲದಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿ ಹರಡಿದ, ಸುಕ್ಕು ಸುಕ್ಕಾದ ದಪ್ಪ ಎಲೆಯ ಪಾಲಕ್ ಬರುತ್ತದಲ್ಲ, ಅದೇ ‘ಕಂಜಿಮೆ ಹೋರೆನ್ಸೋ’. ಬೆಳೆದು ನಿಂತ ಸೊಪ್ಪಿಗೆ ರೈತರು ಬೇಕೆಂದೇ ಹಸಿರುಮನೆಯ ಬದಿ ತೆರೆದು ಚಳಿಗಾಳಿ ತಾಗಿಸುತ್ತಾರೆ. ಬೇರು ತಣ್ಣಗಾಗಿ ನೀರು ಕಡಿಮೆಯಾಗುತ್ತದೆ, ಎಲೆಯಲ್ಲಿ ಸಕ್ಕರೆ ಏರುತ್ತದೆ. ಆ ಸೊಪ್ಪಿನ ಹುಳಿ ಮಾಡಿ ನೋಡಿ, ಬೆಲ್ಲ ಹಾಕುವುದೇ ಬೇಡ.

ಕರಿಬೇವು ಪಾಲಕ್ ಅಲ್ಲ. ನಿಂಬೆ, ಕಿತ್ತಳೆಯ ಕುಟುಂಬಕ್ಕೆ ಸೇರಿದ ಬೆಚ್ಚನೆಯ ನಾಡಿನ ಗಿಡ ಅದು. ಪಾಲಕ್‌ನಂತೆ ಹಿಮಕ್ಕೆ ಹದವಾಗುವ ಕಲೆ ಅದಕ್ಕೆ ಒಲಿದಿಲ್ಲ. ಕಿಂಡಿ ಮುಚ್ಚಿ, ಎಲೆ ಉದುರಿಸಿ, ಕಾಂಡದಲ್ಲಿ ಜೀವ ಹಿಡಿದು ಕಾಯುವುದೊಂದೇ ಅದರ ಉಪಾಯ. ಆದ್ದರಿಂದ ಎಲೆ ಉದುರಿತೆಂದು ಕುಂಡವನ್ನು ಎಸೆಯಬೇಡಿ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಕುಂಡವನ್ನು ನೆಲದಿಂದ ಎತ್ತಿ ಮರದ ಹಲಗೆಯ ಅಥವಾ ಥರ್ಮೊಕೋಲಿನ ಮೇಲಿಡಿ. ಏರ್‌ಕಂಡಿಷನರ್‌ನ ಗಾಳಿ ನೇರ ಬೀಳದಂತೆ ನೋಡಿಕೊಳ್ಳಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ, ಬೆಳಗಿನ ಹೊತ್ತು, ಕೋಣೆಯ ಬೆಚ್ಚಗಿನ ನೀರು ಸ್ವಲ್ಪ ಹಾಕಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಕಾವಲು ಹೆಚ್ಚಾದರೆ

ಇಷ್ಟು ಓದಿದವರು ಕೇಳಬಹುದು: ಹಾಗಾದರೆ ಈ ಕಾವಲನ್ನು ವರ್ಷವಿಡೀ ಜೋರಾಗಿ ಇಟ್ಟುಬಿಟ್ಟರೆ ಆಯಿತಲ್ಲ? ತ್ಸುಕುಬಾದ ತಂಡ ಅದನ್ನೂ ಮಾಡಿ ನೋಡಿತು. ಡ್ರೆಬ್ ಜೀನನ್ನು ಸದಾ ಎಚ್ಚರವಾಗಿರುವಂತೆ ಗಿಡದೊಳಗೆ ಸೇರಿಸಿದರು. ಗಿಡ ಚಳಿ, ಬರ ಎಲ್ಲವನ್ನೂ ತಾಳಿತು. ಆದರೆ ಕುಳ್ಳಾಗಿ ಉಳಿಯಿತು. ಬೆಳೆ ಎಂದು ಹೇಳುವ ಇನ್ನೊಂದು ಹಾರ್ಮೋನಾದ ಜಿಬ್ಬರೆಲಿನ್‌ಗೆ ಅಲ್ಲಿ ಜಾಗವೇ ಸಿಗಲಿಲ್ಲ. ಈ ಜಿಬ್ಬರೆಲಿನ್ ಕೂಡ ಜಪಾನೀಯರ ಶೋಧವೇ. ಭತ್ತದ ಪೈರನ್ನು ಅಡ್ಡಾದಿಡ್ಡಿ ಉದ್ದ ಬೆಳೆಸಿ ಕೆಡವುವ ‘ಬಕನಾಯೆ’, ಅಂದರೆ ಪೆದ್ದು ಪೈರು ಎಂಬ ರೋಗದ ಕಾರಣ ಹುಡುಕಿ 1926ರಲ್ಲಿ ಕುರೊಸಾವಾ ಅದರ ಜಾಡು ಹಿಡಿದರು, 1935ರಲ್ಲಿ ಯಬುತಾ ಹೆಸರಿಟ್ಟರು. ನಮ್ಮ ವಿಜಯಪುರದ ಬೀಜರಹಿತ ದ್ರಾಕ್ಷಿ ಉದ್ದುದ್ದವಾಗಿ ದಪ್ಪಗಾಗಲು ಸಿಂಪಡಿಸುವುದೂ ಇದನ್ನೇ.

ಆಮೇಲೆ 1999ರಲ್ಲಿ ಆ ತಂಡ ಒಂದು ಜಾಣ ಉಪಾಯ ಮಾಡಿತು. ಅದೇ ಜೀನನ್ನು ಕಷ್ಟ ಬಂದಾಗ ಮಾತ್ರ ಎಚ್ಚರವಾಗುವಂತೆ ಕೂರಿಸಿದರು. ಗಿಡ ಚೆನ್ನಾಗಿ ಬೆಳೆಯಿತು, ಕಷ್ಟವನ್ನೂ ತಾಳಿತು. ಆ ಜೀನು ಇಲ್ಲಿಂದ ಹಲವು ದೇಶಗಳ ಕೇಂದ್ರಗಳಿಗೆ ಹೋಯಿತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್‌ನಲ್ಲಿ ಕಡಲೆಕಾಯಿಗೆ, ಮೆಕ್ಸಿಕೋದ ಸಿಮಿಟ್ ಕೇಂದ್ರದಲ್ಲಿ ಗೋಧಿಗೆ ಸೇರಿತು. ಆದರೆ ಪ್ರಯೋಗಶಾಲೆಯ ಕುಂಡ ಬೇರೆ, ರೈತನ ಹೊಲ ಬೇರೆ. ಕುಂಡದಲ್ಲಿ ಭರವಸೆ ತೋರಿದ ಆ ಗೋಧಿ ಹೊಲದಲ್ಲಿ ಇಳುವರಿಯ ಲೆಕ್ಕಕ್ಕೆ ಬಂದಾಗ ಒಟ್ಟಾರೆ ಸಾಮಾನ್ಯ ಗೋಧಿಯನ್ನು ಮೀರಿಸಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ಬದುಕುಳಿಯುವುದು ಒಂದು ಮಾತು, ಕಾಳು ಕಟ್ಟುವುದು ಇನ್ನೊಂದು.

ಈ ವ್ಯತ್ಯಾಸ ಜಪಾನಿಗೆ 1993ರಲ್ಲಿ ಹೊಟ್ಟೆಗೇ ತಟ್ಟಿತು. ಆ ಬೇಸಿಗೆ ಈಶಾನ್ಯದ ತೋಹೊಕು ಸೀಮೆಗೆ ‘ಯಮಾಸೆ’ ಎಂಬ ಕಡಲಿನ ಶೀತಗಾಳಿ ಬಿಡದೆ ಬೀಸಿತು. ಭತ್ತದ ಪೈರು ಹಸಿರಾಗಿಯೇ ನಿಂತಿತ್ತು, ತೆನೆ ಮಾತ್ರ ಜೊಳ್ಳು. ಇಡೀ ದೇಶದ ಭತ್ತದ ಬೆಳೆ ಸಾಮಾನ್ಯ ವರ್ಷವನ್ನು 100 ಎಂದರೆ 74ಕ್ಕೆ ಇಳಿಯಿತು. ಅಕ್ಕಿಯ ವಿಷಯದಲ್ಲಿ ಸ್ವಾಭಿಮಾನಿಯಾದ ಈ ದೇಶ ಸುಮಾರು 26 ಲಕ್ಷ ಟನ್ ಅಕ್ಕಿಯನ್ನು ಥಾಯ್ಲೆಂಡ್, ಚೀನಾ, ಅಮೆರಿಕ, ಆಸ್ಟ್ರೇಲಿಯಾಗಳಿಂದ ತರಿಸಬೇಕಾಯಿತು. ಹೆಸರಾಂತ ಸಸಾನಿಶಿಕಿ ತಳಿ ಹಿಂದೆ ಸರಿದು, ಚಳಿ ತಾಳುವ ಹಿತೊಮೆಬೋರೆ ಗದ್ದೆಗಳಿಗೆ ಬಂತು.

ತೆನೆ ಜೊಳ್ಳಾಗುವುದರಲ್ಲಿಯೂ ಹಾರ್ಮೋನಿನ ಕೈವಾಡವಿದೆ. ಹೂ ಹೊರಬರುವ ಹತ್ತು ಹನ್ನೆರಡು ದಿನ ಮೊದಲು, ತೆನೆ ಇನ್ನೂ ಕಾಂಡದೊಳಗೆ ಇರುವಾಗ, ಪರಾಗ ಮೂಡುವ ಘಟ್ಟದಲ್ಲಿ ಚಳಿ ಹೊಡೆದರೆ ಪರಾಗಕ್ಕೆ ಸಕ್ಕರೆ ತಲುಪುವುದು ನಿಲ್ಲುತ್ತದೆ. ಚಳಿ ತಾಳದ ತಳಿಗಳ ಪರಾಗಕೋಶದಲ್ಲಿ ಆಗ ಎಬಿಎ ಹೆಚ್ಚಾಗಿ ಸೇರಿಕೊಳ್ಳುತ್ತದೆ, ತಾಳುವ ತಳಿಗಳಲ್ಲಿ ಅಷ್ಟಿರುವುದಿಲ್ಲ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2007ರಲ್ಲಿ ಕಂಡರು. ಚಳಿಯಿಂದ ಜಿಬ್ಬರೆಲಿನ್ ಕುಸಿಯುವುದೂ ಪರಾಗ ಕೆಡಲು ಕಾರಣ ಎಂದು ಜಪಾನಿನ ತಂಡವೊಂದು 2014ರಲ್ಲಿ ತೋರಿಸಿತು. ಎಲೆಯನ್ನು ಕಾಯುವ ಅದೇ ಎಬಿಎ ಹೂವಿನಲ್ಲಿ ಅತಿಯಾದರೆ ಕಾಳಿಗೇ ಮುಳುವು. ಅದಕ್ಕೇ ಗಿಡದಲ್ಲಿ ಎಬಿಎ ತಯಾರಿಸುವ ಕತ್ತರಿ ಇದ್ದಂತೆ, ಕೆಲಸ ಮುಗಿದ ಮೇಲೆ ಅದನ್ನು ಕರಗಿಸುವ ಕಿಣ್ವಗಳೂ ಇವೆ. ಆ ಕಿಣ್ವಗಳ ಜೀನುಗಳು 2004ರಲ್ಲಿ ಪತ್ತೆಯಾದವು. ಮುಚ್ಚುವುದಕ್ಕೆ ಎಷ್ಟು ಏರ್ಪಾಡಿದೆಯೋ ತೆರೆಯುವುದಕ್ಕೂ ಅಷ್ಟೇ ಇದೆ.

ಜಪಾನಿನ ರೈತರು ಇದಕ್ಕೆ ಮಾಡುವ ಉಪಾಯ ಬಹಳ ಸರಳ. ಆ ಸೂಕ್ಷ್ಮ ದಿನಗಳಲ್ಲಿ ಗದ್ದೆಯ ನೀರನ್ನು ಸುಮಾರು 20 ಸೆಂಟಿಮೀಟರ್‌ವರೆಗೆ ಏರಿಸುತ್ತಾರೆ. ಹಗಲು ಬೆಚ್ಚಗಾದ ನೀರು ರಾತ್ರಿ ಕಾಂಡದೊಳಗಿನ ಎಳೆ ತೆನೆಗೆ ಕಂಬಳಿಯಾಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಹರಿಹರದ ಕಡೆಯ ನಮ್ಮ ಗದ್ದೆ ನೆನಪಾಯಿತು. ಭದ್ರಾ ನಾಲೆಯ ಬೇಸಿಗೆ ಭತ್ತಕ್ಕೆ ಜನವರಿಯಲ್ಲಿ ಸಸಿಮಡಿ ಮಾಡುವಾಗ ಕೆಲವು ವರ್ಷ ಸಸಿಗಳೆಲ್ಲ ಹಳದಿ ತಿರುಗುತ್ತಿದ್ದವು. “ಚಳಿ ಹೊಡೆದಿದೆ” ಎಂದು ನಮ್ಮಪ್ಪ ರಾತ್ರಿಯ ತಣ್ಣೀರನ್ನು ಬೆಳಗ್ಗೆ ಬಸಿದು ಬಾವಿಯ ಬೆಚ್ಚನೆಯ ನೀರು ಕಟ್ಟುತ್ತಿದ್ದರು. ಅಕ್ವಾಪೊರಿನ್ ಎಂಬ ಪದ ಅವರ ಕಿವಿಗೆ ಬಿದ್ದಿರಲಿಲ್ಲ. ಬೇರು ಬೆಚ್ಚಗಿದ್ದರೆ ಸಸಿ ನೀರು ಕುಡಿಯುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಪ್ರಯೋಗಶಾಲೆಯ ಮೂವತ್ತು ವರ್ಷದ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಯಾವ ತಳಿ ಚಳಿ ತಾಳುತ್ತದೆ, ಯಾಕೆ ತಾಳುತ್ತದೆ ಎಂದು ತಿಳಿಯಲು ಆ ಕೆಲಸ ಬೇಕೇ ಬೇಕು. ಆದರೆ ಅದು ಗದ್ದೆಗೆ ಬಂದು ಸೇರುವ ತನಕ ನೀರು ಬಸಿದು ನೀರು ಕಟ್ಟುವ ಕೈಯೂ ಬೇಕು.

ಗಿಡದ ವಿಷಯ ಬರೆಯುತ್ತಾ ನಮ್ಮ ವಿಷಯವೂ ನೆನಪಾಗದೆ ಇರುವುದಿಲ್ಲ. ಪರದೇಶದ ಮೊದಲ ಚಳಿಗಾಲದಲ್ಲಿ ನಾವೆಲ್ಲ ಸ್ವಲ್ಪ ಕಿಂಡಿ ಮುಚ್ಚಿಕೊಂಡವರೇ. ಭಾಷೆ ಬಾರದು, ನೆರೆಯವರ ಪರಿಚಯವಿಲ್ಲ, ಆಫೀಸು ಮುಗಿಸಿ ಬಂದು ಬಾಗಿಲು ಹಾಕಿಕೊಂಡರೆ ಮುಗಿಯಿತು. ಆಗ ಅದು ಬೇಕಾಗಿತ್ತು. ಆದರೆ ಹತ್ತು ವರ್ಷವಾದರೂ ಹಾಗೇ ಇದ್ದರೆ ನಮ್ಮ ಮಕ್ಕಳು ಇಲ್ಲಿಯ ಗೆಳೆತನವನ್ನೂ, ಅಲ್ಲಿಯ ಅಜ್ಜಿ ಕಥೆಯನ್ನೂ ಅರ್ಧರ್ಧ ಪಡೆದು ಕುಳ್ಳಾಗಿ ಬೆಳೆದಾರು.

ತ್ಸುಕುಬಾದಲ್ಲಿ ಎರಡು ಮೂರು ವರ್ಷದ ಫೆಲೋಶಿಪ್ಪಿಗೆ ಬಂದು ಹೋಗುವ ಕುಟುಂಬಗಳೇ ಹೆಚ್ಚು. ಹೋಗುವವರು ಅಕ್ಕಿ ಡಬ್ಬ, ಮಗುವಿನ ಸೈಕಲ್ಲಿನ ಜೊತೆ ಕರಿಬೇವಿನ ಕುಂಡವನ್ನೂ ಉಳಿದವರಿಗೆ ಒಪ್ಪಿಸುತ್ತಾರೆ. ನನ್ನ ಬಳಿ ಇರುವ ಗಿಡ ಹಾಗೆ ಮೂರು ಮನೆ ದಾಟಿ ಬಂದದ್ದು. ಈ ಯುಗಾದಿಯ ಹೊತ್ತಿಗೆ ಸಕುರಾ ಅರಳಿರುತ್ತದೆ, ಎಲ್ಲರಿಗೂ ಕುಂಡವನ್ನು ಬಾಲ್ಕನಿಗೆ ಇಡುವ ಆತುರ. ಸ್ವಲ್ಪ ತಾಳಿ. ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಲ್ಲಲಿ. ಮೊದಲು ದಿನಕ್ಕೆ ಒಂದೆರಡು ಗಂಟೆ ನೆರಳಿನಲ್ಲಿ, ಆಮೇಲೆ ಬಿಸಿಲಿಗೆ. ಗಿಡವನ್ನು ಇನ್ನೊಬ್ಬರಿಗೆ ಒಪ್ಪಿಸುವ ದಿನ ಬಂದರೆ, ಚಳಿಗಾಲದಲ್ಲಿ ನೀರು ಕಡಿಮೆ, ಬೇರು ಬೆಚ್ಚಗೆ ಎಂದು ಒಂದು ಚೀಟಿ ಬರೆದು ಕುಂಡಕ್ಕೆ ಸಿಕ್ಕಿಸಿ ಕೊಡಿ.